ನವಮಿಯ ದಿನದ ಕೊಡತಿ

ಬಹ್ರೇನಿನ ಗುದೈಬಿಯಾದ ಆ ಕಟ್ಟಡದಲ್ಲಿ ಎಲ್ಲರ ಮಂಚದ ಅಡಿಯಲ್ಲೂ ಊರಿಗೆ ಕೊಂಡುಹೋಗುವ ಸಾಮಾನು ಇರುತ್ತಿತ್ತು. ಕಂಬಳಿ, ಸೋಪು, ಟೇಪ್ ರೆಕಾರ್ಡರು, ಹಾಲಿನ ಪುಡಿಯ ಡಬ್ಬ. ನಮ್ಮ ಮಂಚದ ಅಡಿಯಲ್ಲಿ ತುಕ್ಕು ಹಿಡಿದ ಕಬ್ಬಿಣ ಇತ್ತು. ಬಾಚಿ, ಉಳಿ, ಬೈರಿಗೆ, ಹಿಡಿ ಇಲ್ಲದ ಸುತ್ತಿಗೆ, ಹಲ್ಲು ಉದುರಿದ ಗರಗಸ. ಯಾರಾದರೂ ಬಾಗಿಲು ತಟ್ಟಿದರೆ ನಾನು ಮೊದಲು ಓಡುತ್ತಿದ್ದುದು ಬಾಗಿಲಿಗಲ್ಲ, ಮಂಚದ ಹತ್ತಿರ. ಬೆಡ್‌ಶೀಟನ್ನು ನೆಲದವರೆಗೆ ಎಳೆದು ಬಿಟ್ಟು ಆಮೇಲೆ ಬಾಗಿಲು ತೆಗೆಯುತ್ತಿದ್ದೆ.

ಒಮ್ಮೆ ಮೇಲಿನ ಮಹಡಿಯ ಹೆಂಗಸು ಬಂದಳು. ಅವಳ ಗಂಡನಿಗೆ ಆಫೀಸಿನ ಕೆಲಸ, ಟೈ ಕಟ್ಟಿಕೊಂಡು ಹೋಗುವ ಜನ. ನಮ್ಮಲ್ಲಿ ಇದ್ದದ್ದು ಒಂದೇ ಕುರ್ಚಿ, ಅದರ ಮೇಲೆ ಒಗೆದ ಬಟ್ಟೆಯ ರಾಶಿ. ಅವಳು ಮಂಚದಲ್ಲೇ ಕೂತಳು. ಕಾಲು ಹಿಂದೆ ಹಾಕಿದ್ದೇ ಹಿಮ್ಮಡಿ ಏನಕ್ಕೋ ತಾಗಿ ಠಣ್ ಅಂತ ಆಯಿತು. ಬಗ್ಗಿ ಬೆಡ್‌ಶೀಟ್ ಎತ್ತಿ ನೋಡಿಯೇ ಬಿಟ್ಟಳು.

"ಅಯ್ಯೋ, ಇದೆಂತದು ಇವರೇ? ಗುಜರಿ ವ್ಯಾಪಾರವೂ ಉಂಟಾ ನಿಮಗೆ?"

"ವರ್ಕ್‌ಶಾಪಿನದ್ದು. ಅಲ್ಲಿ ಇಡ್ಲಿಕ್ಕೆ ಜಾಗ ಇಲ್ಲ ಅಂತ ಇವರು ತಂದಿಟ್ಟಿದ್ದಾರೆ," ಅಂದೆ.

ಅಲ್ಲಿಂದ ಮೇಲೆ ಮೆಟ್ಟಿಲಲ್ಲಿ ಸಿಕ್ಕಿದಾಗಲೆಲ್ಲ "ಗುಜರಿ ಹೇಗುಂಟು?" ಅಂತ ಕೇಳುವಳು. ನಗಾಡಿಕೊಂಡೇ ಕೇಳುವುದು. ನಾನೂ ನಗಾಡುತ್ತಿದ್ದೆ. ಮನೆಯೊಳಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ.

ನನಗೆ ಹಾಗೆ ನಾಚಿಕೆ ಆಗಲು ಕಾರಣ ತುಕ್ಕು ಅಲ್ಲ. ನನ್ನ ಅಪ್ಪ ಕಬ್ಬಿಣದ ಕೆಲಸದ ಆಚಾರಿ. ಕುಲುಮೆ ನಮ್ಮ ಮನೆಯ ಜಗಲಿಗೇ ತಾಗಿ ಇತ್ತು. ನಾನು ಎರಡನೇ ಕ್ಲಾಸು ಮುಗಿಸಿದ್ದೇ ತಿದಿ ಒತ್ತಲು ಕೂತವಳು. ಬಹ್ರೇನಿಗೆ ಬಂದ ಹೊಸದರಲ್ಲಿ ಹೆಂಗಸರೆಲ್ಲ ಸೇರಿದ ಕಡೆ ಒಬ್ಬಳು "ನಿಮ್ಮ ಅಪ್ಪನಿಗೆ ಏನು?" ಅಂತ ಕೇಳಿದಾಗ "ಕಬ್ಬಿಣದ ಅಂಗಡಿ" ಅಂದುಬಿಟ್ಟೆ. ಬಾಯಿಗೆ ಬಂದದ್ದು ಅದು. ಆಮೇಲೆ ಅದನ್ನೇ ಕಾಯ್ದುಕೊಂಡು ಬರಬೇಕಾಯಿತು. ಅಂಗಡಿಯವನ ಮಗಳ ಮಂಚದ ಅಡಿಯಲ್ಲಿ ಹಳೆ ಬಾಚಿ ಯಾಕಿರುತ್ತದೆ?

ಇದು ಶುರುವಾದದ್ದು ಇವರಿಂದ. ನನ್ನ ಗಂಡ ಟುಬ್ಲಿಯ ಒಂದು ಮರಗೆಲಸದ ವರ್ಕ್‌ಶಾಪಿನಲ್ಲಿ ಪಿಕಪ್ ಓಡಿಸುತ್ತಿದ್ದರು. ಇವರೂ ನಮ್ಮ ಪೈಕಿಯೇ, ಆದರೆ ಇವರ ಮನೆಯಲ್ಲಿ ಅಜ್ಜನ ಕಾಲಕ್ಕೇ ಕುಲುಮೆ ಆರಿತ್ತು. ಕಬ್ಬಿಣದ ಮೇಲೆ ಆಸೆ ಉಂಟು, ತಿಳುವಳಿಕೆ ಇಲ್ಲ. ಆಗ ವರ್ಕ್‌ಶಾಪುಗಳಿಗೆಲ್ಲ ಕರೆಂಟಿನ ಮೆಶಿನು ಬರುತ್ತಿತ್ತು, ಕೈಯ ಸಾಮಾನೆಲ್ಲ ಹಿತ್ತಿಲ ರಾಶಿಗೆ ಬೀಳುತ್ತಿತ್ತು. ಒಂದು ಸಂಜೆ ಇವರು ಒಂದು ಬಾಚಿಯ ತಲೆಯನ್ನು ಪೇಪರಿನಲ್ಲಿ ಸುತ್ತಿ ತಂದರು. ಹಡಗಿನ ಬಡಗಿಗಳದ್ದು, ನಮ್ಮ ಕಡೆಯದ್ದಕ್ಕಿಂತ ಬಾಯಿ ಅಗಲ.

"ನೋಡು, ಇದು ಒಳ್ಳೇದಾ?"

ನಾನು ಅದರ ಕಿವಿಗೆ, ಅಂದರೆ ಹಿಡಿ ಸಿಕ್ಕಿಸುವ ತೂತಿಗೆ, ದಾರ ಕಟ್ಟಿ ತೂಗಹಾಕಿ ಮೊಳೆಯಲ್ಲಿ ಬಡಿದೆ. ಹಿಂಬದಿ ದಪ್ಪ ಸದ್ದು, ಬಾಯಿಯ ಬದಿ ಸಣ್ಣಗೆ ಎಳೆದ ಸದ್ದು. "ಮೈ ಮೆತ್ತಗಿನ ಕಬ್ಬಿಣ. ಬಾಯಿಗೆ ಮಾತ್ರ ಉಕ್ಕು ಇಟ್ಟು ಬೆಸೆದಿದ್ದಾರೆ. ಬೆಸೆದವನಿಗೆ ಕೈ ಉಂಟು," ಅಂದೆ.

ಇವರು ಬೂದಿ ಹಾಕಿ ತಿಕ್ಕಿ ನೋಡಿದರು. ಬಾಯಿಯ ಹತ್ತಿರ ನೂಲಿನಷ್ಟು ಸಪೂರ ಗೆರೆ ಕಂಡಿತು. ಉಕ್ಕು ಕಬ್ಬಿಣಕ್ಕೆ ಸೇರಿದ ಗೆರೆ. ಇವರಿಗೆ ಆದ ಸಂತೋಷ ನೋಡಬೇಕಿತ್ತು. "ನಿನ್ನಪ್ಪ ನನಗೆ ಚಿನ್ನ ಕೊಡ್ಲಿಲ್ಲ ಮಾರಾಯ್ತಿ, ಈ ಕಿವಿ ಕೊಟ್ಟ," ಅಂದರು.

ಅಲ್ಲಿಗೆ ಹಿಡಿಯಿತು ಹುಚ್ಚು. ಇವರು ಹೆಕ್ಕಿ ತರುವುದು, ನಾನು ಬಡಿದು, ಮೂಸಿ, ಬೆರಳಿನಲ್ಲಿ ಒತ್ತಿ ಹೇಳುವುದು. ಆಮೇಲೆ ಇಬ್ಬರೂ ಜಗಳ ಮಾಡುವುದು. ಚಪಾತಿಯ ಹಿಟ್ಟಿಗೆ ಉಳಿಯ ಬಾಯಿ ಒತ್ತಿ ಅದರ ಅಚ್ಚು ನೋಡುತ್ತಿದ್ದೆವು. ಮಸೆದು ಮಸೆದು ಎಷ್ಟು ಸವೆದಿದೆ, ಯಾವ ಬದಿ ಹೆಚ್ಚು ಸವೆದಿದೆ ಎಂದು ಅದರಲ್ಲಿ ತಿಳಿಯುತ್ತದೆ. ಬಲಬದಿ ಸವೆದಿದ್ದರೆ ಹಿಡಿದವನು ಹೇಗೆ ಕೂತಿದ್ದ, ಎಡಗೈಯವನಾ ಬಲಗೈಯವನಾ, ಅದೆಲ್ಲ ಮಾತು. ಇವರು ರಟ್ಟಿನ ಪೆಟ್ಟಿಗೆ ಬಿಡಿಸಿ ಅದರ ಮೇಲೆ ಒಂದೊಂದರ ಚಿತ್ರ ಬರೆಯುತ್ತಿದ್ದರು. ಆ ಚಪಾತಿಯನ್ನೇ ಆಮೇಲೆ ತಿನ್ನುತ್ತಿದ್ದೆವು. ನಮಗೆ ಮಕ್ಕಳಾಗಲಿಲ್ಲ. ಬೇರೆಯವರು ಸಂಜೆ ಮಕ್ಕಳಿಗೆ ಪಾಠ ಹೇಳಿಕೊಡುವ ಹೊತ್ತಿಗೆ ನಾವು ಈ ಕೆಲಸ ಮಾಡುತ್ತಿದ್ದೆವು.

ಬಾಗಿಲು ಹಾಕಿದ್ದರೆ ನನಗೂ ಅದು ಹಬ್ಬವೇ. ಬಾಗಿಲು ತೆಗೆದರೆ ನಾಚಿಕೆ. ಹಾಗೆ ಎರಡು ತರ ಬದುಕುತ್ತಿದ್ದೆ.

ಶುಕ್ರವಾರ ರಜೆ. ಇವರು ಮುದೀರನ, ಅಂದರೆ ಧಣಿಯ ಪಿಕಪ್ ಕೇಳಿಕೊಂಡು ಬರುವರು, ನಾವು ಮುಹರ್ರಕ್ ದಾಟಿ ಬುಸೈತೀನಿನ ಕಡಲ ಬದಿಗೆ ಹೋಗುವುದು. ಅಲ್ಲಿ ಒಬ್ಬ ಮುದುಕ ಹಡಗು ಕಟ್ಟುತ್ತಿದ್ದ. ನಮ್ಮ ಬಂದರಿನ ಮಂಜಿಯ ಹಾಗಿನ ಮರದ ಹಡಗು. ಎಲ್ಲರೂ ಅವನನ್ನು ಹಾಜಿ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ತಾಳೆಗರಿಯ ಚಪ್ಪರದ ಅಡಿ ನೆಲದಲ್ಲಿ ಕೂತು, ಮರವನ್ನು ಕಾಲಿನ ಬೆರಳುಗಳಲ್ಲಿ ಅಮರಿಸಿ ಹಿಡಿದು ಕೆತ್ತುವನು. ನಮ್ಮೂರ ಮುದಿ ಆಚಾರಿಗಳು ಕೂರುವುದೂ ಹಾಗೆಯೇ.

ಮೊದಲ ದಿನ ನಾನು ಪಿಕಪ್ಪಿನಲ್ಲೇ ಕೂತಿದ್ದೆ. ಇವರು ಹೋಗಿ ಮಾತಾಡಿದರು, ಇವರಿಗೆ ಡ್ರೈವರಿನ ಅರಬಿ ಬರುತ್ತಿತ್ತು. ಏನು ಹೇಳಿದರೋ, ಹಾಜಿ ನನ್ನ ಕಡೆ ಕೈ ಮಾಡಿ ಕರೆದ. ಎರಡು ಬಾಚಿಯನ್ನು ಚೀಲದ ಮರೆಯಲ್ಲಿ ತೂಗಹಾಕಿ, ಒಂದೊಂದನ್ನೇ ಮೊಳೆಯಲ್ಲಿ ಬಡಿದ. ಯಾವುದು ಕೈಯಲ್ಲಿ ಬಡಿದದ್ದು, ಯಾವುದು ಫ್ಯಾಕ್ಟರಿಯದ್ದು? ಕೈಯದ್ದು ಇದು ಅಂತ ನಾನು ಎರಡನೆಯದ್ದಕ್ಕೆ ಬೆರಳು ತೋರಿಸಿದೆ. ಅವನು ತೊಡೆ ತಟ್ಟಿಕೊಂಡು ನಕ್ಕ. "ನಿನಗೆ ಯಾರು ಹೇಳಿಕೊಟ್ಟದ್ದು?" ಅಂತ ಕೇಳಿದ್ದನ್ನು ಇವರು ಹೇಳಿದರು. "ಅಪ್ಪ ಕಮ್ಮಾರ," ಅಂದೆ. ಆ ಊರಿನಲ್ಲಿ ನಾನು ಆ ಮಾತು ಹೇಳಿದ್ದು ಅವನೊಬ್ಬನ ಹತ್ತಿರ. ಅವನು ತಲೆ ಆಡಿಸಿದ, ಅಷ್ಟೇ. ಕಮ್ಮಾರನ ಮಗಳು ಎಂದರೆ ಅವನ ಲೆಕ್ಕಕ್ಕೆ ಸರಿಯಾದ ಮನೆಯವಳು.

ಆಮೇಲೆ ನಮಗೆ ಅಲ್ಲಿ ಸಲಿಗೆ ಆಯಿತು. ಅವನು ನನ್ನನ್ನು "ಉಖ್ತಿ" ಎನ್ನುತ್ತಿದ್ದ, ತಂಗಿ ಅಂತ. ಅವನ ಹತ್ತಿರ ಒಂದು ಕೊಡತಿ ಇತ್ತು. ಹಲಗೆಗಳ ಸಂದಿಗೆ ಮೀನೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಉಳಿಯಿಂದ ತುರುಕುತ್ತಾರಲ್ಲ, ಆ ಉಳಿಗೆ ಹೊಡೆಯುವ ಮರದ ಸುತ್ತಿಗೆ. ಅವನ ಅಪ್ಪನದ್ದು. ಹಿಡಿಯಲ್ಲಿ ಹೆಬ್ಬೆರಳಿನ ಗುಳಿ ಬಿದ್ದಿತ್ತು. ಅದು ಯಾವ ಮರ ಎಂದು ಇವರಿಗೂ ನನಗೂ ವಾದ. ಇವರು ಹುಣಸೆ ಎನ್ನುವುದು, ನಾನು ಅಲ್ಲವೇ ಅಲ್ಲ ಎನ್ನುವುದು. ಹಾಜಿಗೇ ಗೊತ್ತಿರಲಿಲ್ಲ. ನಮ್ಮ ಜಗಳ ಕೇಳಿ ಕೇಳಿ ಸಾಕಾಗಿ ಒಂದು ಶುಕ್ರವಾರ ಕೊಡತಿಯನ್ನೇ ನನ್ನ ಕೈಗೆ ಕೊಟ್ಟ. "ಮನೆಗೆ ತಗೊಂಡು ಹೋಗಿ ನೋಡಿ. ಹಡಗು ನೀರಿಗೆ ಇಳಿಸುವ ದಿನ ನನಗೆ ಬೇಕು. ಹಡಗಿನ ಅಡಿಯ ಮೊದಲ ಬೆಣೆ ಬಿಡಿಸುವುದು ಇದರಲ್ಲೇ. ಅಪ್ಪ ಇದ್ದಾಗಿಂದ ಹಾಗೆ."

"ಯಾವತ್ತು ಇಳಿಸುವುದು?" ಇವರು ಕೇಳಿದರು.

"ನೀರು ನೋಡಿ ಹೇಳ್ತೇನೆ." ಭರತದ ನೀರು ಹಗಲು ಹೊತ್ತಿಗೆ ಸರಿಯಾಗಿ ಏರುವ ದಿನ ಬೇಕು, ಅದಕ್ಕೆ ಇನ್ನೂ ಸಮಯ ಉಂಟು ಎಂದ. ಇವರು ನಮ್ಮ ಬಿಲ್ಡಿಂಗ್ ಎಲ್ಲಿ ಎಂದು ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದರು.

ಕೊಡತಿ ಮನೆಗೆ ಬಂತು. ಒದ್ದೆ ಬಟ್ಟೆಯಲ್ಲಿ ಒರೆಸಿ ಮೂಸಿದರೆ ಮೀನೆಣ್ಣೆ ಬಿಟ್ಟು ಬೇರೆ ವಾಸನೆಯೇ ಇಲ್ಲ. ನಾರು ನೋಡಿದೆವು, ತೂಕ ನೋಡಿದೆವು, ಇವರು ವರ್ಕ್‌ಶಾಪಿನಿಂದ ನಾಲ್ಕಾರು ಮರದ ತುಂಡು ತಂದು ಪಕ್ಕದಲ್ಲಿಟ್ಟು ನೋಡಿದರು. ತಿಳಿಯಲಿಲ್ಲ. ಹೀಗಿರುವಾಗ ನವರಾತ್ರಿ ಬಂತು.

ಅಪ್ಪನ ಮನೆಯಲ್ಲಿ ನವಮಿಗೆ ಆಯುಧಪೂಜೆ ಎಂದರೆ ಉಳಿದ ಹಬ್ಬಗಳೆಲ್ಲ ಅದರ ಕೆಳಗೆ. ಸುತ್ತಿಗೆ, ಇಕ್ಕಳ, ಅಡಿಗಲ್ಲು ಎಲ್ಲ ತೊಳೆದು ಗಂಧ ಕುಂಕುಮ ಹಚ್ಚಿ ಇಟ್ಟರೆ ಮರುದಿನ ದಶಮಿಯ ಬೆಳಿಗ್ಗೆವರೆಗೆ ಯಾರೂ ಮುಟ್ಟಲಿಕ್ಕಿಲ್ಲ. ಒಮ್ಮೆ ನನ್ನ ಅಣ್ಣ ಗೋಲಿ ಆಡಲು ಗುಳಿ ತೋಡುತ್ತೇನೆಂದು ಒಂದು ಉಳಿ ಎತ್ತಿದ್ದಕ್ಕೆ ಅಪ್ಪ ಅವನಿಗೆ ಹೊಡೆದ ಹೊಡೆತ ಇನ್ನೂ ಕಣ್ಣಿಗೆ ಕಟ್ಟುತ್ತದೆ. ಕಬ್ಬಿಣಕ್ಕೆ ವರ್ಷದಲ್ಲಿ ಅದೊಂದು ದಿನದ ವಿಶ್ರಾಂತಿ, ಅದನ್ನೂ ಕಸಿದುಕೊಂಡರೆ ಅದು ಕೈಗೆ ತಿರುಗಿ ಬೀಳುತ್ತದೆ ಎಂದು ನಂಬಿದ್ದವರು ನಾವು.

ನಮ್ಮ ಫ್ಲಾಟಿನಲ್ಲೂ ನಾವು ಬಿಡಲಿಲ್ಲ. ಹಿಂದಿನ ದಿನ ಮಂಚದ ಅಡಿಯದ್ದನ್ನೆಲ್ಲ ಹೊರಗೆಳೆದು ಒರೆಸಿ ಎಣ್ಣೆ ಕೈ ಆಡಿಸಿದೆವು. ನವಮಿಯ ಬೆಳಿಗ್ಗೆ ಹಲಗೆಯ ಮೇಲೆ ಸಾಲಾಗಿ ಇಟ್ಟೆವು. ನನ್ನ ಅಡುಗೆಮನೆಯ ಮೆಟ್ಟುಕತ್ತಿಯೂ ಅದರಲ್ಲಿ. ಇವರು ಕೊಡತಿಯನ್ನು ಕೈಯಲ್ಲಿ ಹಿಡಿದು ನಿಂತರು.

"ಇದನ್ನು?"

"ಅದು ಹಾಜಿಯದ್ದಲ್ವಾ," ಅಂದೆ.

"ಹಾಜಿಯದ್ದು ಹೌದು. ಆದರೆ ಮನೆಯಲ್ಲಿ ಎಲ್ಲದಕ್ಕೂ ಪೂಜೆ ಮಾಡಿ ಇದೊಂದನ್ನು ಮೂಲೆಯಲ್ಲಿ ಇಡುವುದಾ? ಮನೆಗೆ ಬಂದ ನೆಂಟನಿಗೆ ಎಲೆ ಹಾಕದ ಹಾಗೆ ಆಗ್ತದೆ."

ನನಗೂ ಸರಿ ಅನ್ನಿಸಿತು. ನಡುವೆ ಒಳ್ಳೆಯ ಜಾಗದಲ್ಲಿಟ್ಟು ಗಂಧ ತೇದು ಹಚ್ಚಿ, ಕುಂಕುಮ ಇಟ್ಟು, ರಸ್ತೆ ಬದಿಯ ಗಿಡದಿಂದ ಕೊಯ್ದ ಕಣಗಿಲೆ ಹೂ ಇಟ್ಟೆ. ಮರ್ಯಾದೆ ಮಾಡುತ್ತಿದ್ದೇವೆ ಅಂತಲೇ ಇದ್ದದ್ದು ನಮ್ಮ ತಲೆಯಲ್ಲಿ. ಹಾಜಿಗೆ ಇದು ಹೇಗೆ ಕಾಣುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಇವರು ಮಂಗಳಾರತಿ ಎತ್ತಿ ಟುಬ್ಲಿಗೆ ಹೋದರು. ಅಲ್ಲಿಯೂ ನಮ್ಮ ಕಡೆಯ ಕೆಲಸದವರು ಸೇರಿ ಹಿಂದಿನ ಕೋಣೆಯಲ್ಲಿ ಸಣ್ಣ ಪೂಜೆ ಇಟ್ಟಿದ್ದರು.

ನಾನು ಕತ್ತಿ ಇಲ್ಲದ ಕಾರಣ ಅಲಸಂಡೆಯನ್ನು ಕೈಯಲ್ಲೇ ಮುರಿಯುತ್ತ ಕೂತಿದ್ದೆ. ಬಾಗಿಲು ತಟ್ಟಿದರು. ಅಭ್ಯಾಸದಂತೆ ಮಂಚದ ಕಡೆ ನೋಡಿದೆ, ಮುಚ್ಚಲು ಅಲ್ಲಿ ಏನೂ ಇಲ್ಲ, ಎಲ್ಲ ಹಲಗೆಯ ಮೇಲೆ. ಬಾಗಿಲನ್ನು ಒಂದು ಗೇಣು ತೆಗೆದೆ. ಹಾಜಿ ನಿಂತಿದ್ದ. ಬಿಳಿ ನಿಲುವಂಗಿ, ಬಿಳಿ ತಲೆವಸ್ತ್ರ, ಒಗೆದು ಇಸ್ತ್ರಿ ಹಾಕಿದ್ದು. ನಾನು ಅವನನ್ನು ಕೆಲಸದ ಲುಂಗಿಯಲ್ಲಿ ಮಾತ್ರ ಕಂಡವಳು, ಒಂದು ಗಳಿಗೆ ಗುರುತು ಹತ್ತಲಿಲ್ಲ.

ಅವನು ಅರಬಿಯಲ್ಲಿ ಏನೋ ಹೇಳಿದ. ಕೈಯನ್ನು ಸುತ್ತಿಗೆ ಹೊಡೆಯುವ ಹಾಗೆ ಆಡಿಸಿದ, ಕಡಲಿನ ಕಡೆ ತೋರಿಸಿದ. ನನ್ನ ಅರಬಿ ಅಂಗಡಿಯಲ್ಲಿ ಟೊಮೆಟೊ ಕೊಳ್ಳುವಷ್ಟು. ಆದರೂ ಅರ್ಥ ಆಯಿತು.

ನಮ್ಮ ಕಟ್ಟಡದ ಮೆಟ್ಟಿಲನ್ನು ಅರಬ ಹತ್ತಿದ ಎಂದರೆ ಎಲ್ಲ ಬಾಗಿಲೂ ತೆರೆಯುತ್ತಿದ್ದವು. ಎದುರು ಮನೆಯವಳು ಹೊರಗೆ ಬಂದಳು. ಮಂಗಳೂರು ಕಡೆಯ ಬ್ಯಾರಿಗಳ ಹೆಂಗಸು, ಒಂದು ಅರಬ ಮನೆಯಲ್ಲಿ ಅಡುಗೆಗೆ ಹೋಗುವವಳು. ಅವಳಿಗೆ ಅರಬಿ ನೀರು ಕುಡಿದ ಹಾಗೆ. ನನ್ನ ಹತ್ತಿರ ಅವಳು ಮಾತಾಡುತ್ತಿದ್ದುದು ತುಳುವಿನಲ್ಲಿ.

"ಅಕ್ಕಾ, ಇವರ ಕೊಡತಿ ನಿಮ್ಮಲ್ಲಿ ಉಂಟಂತೆ. ಇವತ್ತು ಹಡಗು ಇಳಿಸ್ತಾರಂತೆ, ನೀರು ಏರ್ತಾ ಉಂಟಂತೆ. ಮಗ ಕಾರಿನಲ್ಲಿ ಕೆಳಗೆ ಕಾಯ್ತಿದ್ದಾನೆ. ಬೇಗ ಕೊಡಿ."

"ಇವತ್ತು ತೆಗೀಲಿಕ್ಕೆ ಆಗುದಿಲ್ಲ ಅಂತ ಹೇಳು. ನಾಳೆ ಬೆಳಿಗ್ಗೆ ನಾವೇ ತಂದು ಕೊಡ್ತೇವೆ."

"ನಾಳೆಗೆ ಯಾರಿಗೆ ಬೇಕು? ಹಡಗು ಇವತ್ತು! ಅವರ ಸಾಮಾನು ಅವರಿಗೆ ಕೊಡ್ಲಿಕ್ಕೆ ನಿಮಗೆ ಎಂತ ದೊಡ್ಡ ಕಷ್ಟ?"

ನಾನು ದನಿ ತಗ್ಗಿಸಿದೆ. "ಪೂಜೆಗೆ ಇಟ್ಟಿದ್ದೇವೆ. ಎತ್ತಲಿಕ್ಕಿಲ್ಲ."

"ಎಂತದನ್ನು ಪೂಜೆಗೆ ಇಟ್ಟದ್ದು?" ಅವಳು ಹತ್ತಿರ ಬಂದು ನನ್ನ ಭುಜದ ಮೇಲಿಂದ ಒಳಗೆ ಇಣುಕಿದಳು. ಅವಳ ಕಣ್ಣು ದೊಡ್ಡದಾಯಿತು. "ಅಲ್ಲಾ, ಅಕ್ಕಾ! ಹಜ್ಜಿಗೆ ಹೋಗಿ ಬಂದ ಮುದುಕನ ಅಪ್ಪನ ಕೊಡತಿಗೆ ಕುಂಕುಮ ಹಾಕಿದ್ರಾ? ನಿಮಗೆ ತಲೆ ಸರಿ ಉಂಟಾ? ಇದನ್ನು ನಾನು ಹೇಗೆ ಹೇಳುದು ಅವರಿಗೆ?"

ಆಗ ನನಗೆ ಹೊಳೆದದ್ದು. ಅಲ್ಲಿಯವರೆಗೆ ನನಗಿದ್ದದ್ದು ಎತ್ತಬಾರದು ಎಂಬ ಹೆದರಿಕೆ ಮಾತ್ರ. ಈಗ ಅವನು ಅದನ್ನು ನೋಡಬಾರದು ಎಂಬ ಹೆದರಿಕೆಯೂ ಸೇರಿತು. ಬಾಗಿಲನ್ನು ಇನ್ನೂ ಸ್ವಲ್ಪ ಎಳೆದುಕೊಂಡೆ.

ಹಾಜಿ ನಮ್ಮಿಬ್ಬರ ಮುಖ ನೋಡುತ್ತ ನಿಂತಿದ್ದ. ಅವಳು ತುಟಿ ಕಚ್ಚಿ ಯೋಚನೆ ಮಾಡಿ, "ಒಂದು ಕೆಲಸ ಮಾಡುವಾ. ಯಜಮಾನರು ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದ್ದಾರೆ, ಕೀ ಅವರ ಹತ್ರ ಅಂತ ಹೇಳ್ತೇನೆ. ಆಗಬಹುದಾ?" ಅಂದಳು.

ನಾನು ತಲೆ ಆಡಿಸಿದೆ. ಇಷ್ಟೇ ನಾನು ಮಾಡಿದ್ದು, ತಲೆ ಆಡಿಸಿದ್ದು.

ಅವಳು ಹೇಳಿದಳು. ಹಾಜಿ ಕೇಳಿಸಿಕೊಂಡು ಗಡ್ಡ ನೀವಿದ. ಸಿಟ್ಟು ಬರಲಿಲ್ಲ ಅವನಿಗೆ. ಕೆಳಗೆ ಹೋಗಿ ಮಗನನ್ನು ಕಾರಿನಲ್ಲಿ ಟುಬ್ಲಿಗೆ ಕಳಿಸಿ ಬಂದ, ಇವರನ್ನೂ ಕೀಯನ್ನೂ ಕರೆದುಕೊಂಡು ಬರಲು. ತಾನು ನಮ್ಮ ಬಾಗಿಲ ಎದುರಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಗಂಡಸಿಲ್ಲದ ಮನೆಯೊಳಗೆ ಅವನು ಬರುವ ಜನ ಅಲ್ಲ, ನಾನು ಕರೆಯುವ ಹಾಗೂ ಇರಲಿಲ್ಲ.

"ಈಗ ಎಂತ ಮಾಡುದು?" ಅಂತ ಎದುರು ಮನೆಯವಳನ್ನು ಕೇಳಿದೆ.

"ನನಗೆ ಕೇಳ್ಬೇಡಿ. ನನಗೆ ಕೆಲಸಕ್ಕೆ ಹೊತ್ತಾಯ್ತು," ಅಂತ ಬುರ್ಖಾ ಹಾಕಿಕೊಂಡು ಇಳಿದೇ ಹೋದಳು.

ನಾನು ಚಹಾ ಮಾಡಿ ಗ್ಲಾಸಿನಲ್ಲಿ ಕೊಟ್ಟೆ. ಅವನು "ಶುಕ್ರನ್, ಉಖ್ತಿ" ಎಂದು ತೆಗೆದುಕೊಂಡ. ಬಾಗಿಲು ಪೂರ್ತಿ ಹಾಕಿದರೆ ಅವಮಾನ ಮಾಡಿದ ಹಾಗೆ, ತೆಗೆದರೆ ಹಲಗೆ ಕಾಣುತ್ತದೆ. ಗೇಣು ಸಂದಿ ಬಿಟ್ಟು ಅದರ ಹಿಂದೆ ನಿಂತೆ. ಅವನು ಚಹಾ ಕುಡಿಯುತ್ತ ಮೆಟ್ಟಿಲ ಕಿಟಕಿಯ ಹೊರಗೆ ನೋಡುವನು. ಅಲ್ಲಿಂದ ಕಡಲು ಕಾಣುವುದಿಲ್ಲ, ಎದುರು ಕಟ್ಟಡದ ಒಣಗಿ ಹಾಕಿದ ಬಟ್ಟೆ ಕಾಣುತ್ತದೆ. ಆದರೂ ಅವನಿಗೆ ನೀರು ಎಲ್ಲಿಯವರೆಗೆ ಬಂತು ಎಂದು ತಿಳಿಯುತ್ತಿತ್ತು ಅಂತ ಕಾಣುತ್ತದೆ. ಕಾಲು ಕುಣಿಸಲು ಶುರುಮಾಡಿದ. ಟುಬ್ಲಿಗೆ ಹೋದ ಮಗ ಬರಲಿಲ್ಲ. ಇವರು ಯಾವ ಸೈಟಿಗೆ ಮರ ಹಾಕಲು ಹೋಗಿದ್ದರೋ ಯಾರಿಗೆ ಗೊತ್ತು. ಬಂದರೂ ಯಾವ ಕೀ ತರುತ್ತಾರೆ? ಇಲ್ಲದ ಬೀಗದ ಕೀ.

ಆಗ ಮೇಲಿನ ಮಹಡಿಯವಳು ಪೇಟೆ ಮುಗಿಸಿ ಚೀಲ ಹಿಡಿದು ಹತ್ತಿ ಬಂದಳು. ಹಾಜಿಯನ್ನು ನೋಡಿ ನಿಂತಳು. ಬಾಗಿಲ ಸಂದಿಯಲ್ಲಿ ನನ್ನ ಮುಖ ಕಂಡಿತು ಅವಳಿಗೆ.

"ಇದ್ಯಾರಿದು? ಗುಜರಿಗೆ ಅರಬರ ಗಿರಾಕಿಯೂ ಸಿಕ್ಕಿದ್ರಾ?"

ಕನ್ನಡ ಅವನಿಗೆ ತಿಳಿಯದು. ಆದರೆ ದನಿ ತಿಳಿಯುತ್ತದಲ್ಲ. ಅವನು ನಿಲುವಂಗಿಯನ್ನು ಎರಡೂ ಕೈಯಲ್ಲಿ ಒಟ್ಟುಮಾಡಿ ಹಿಡಿದು, ಮೊಣಕಾಲು ಮಡಚಿ ಗೋಡೆಗೆ ಒತ್ತಿ ಕೂತು ಅವಳಿಗೆ ದಾರಿ ಬಿಟ್ಟ.

ಹಾಗೆ ಕೂತವರನ್ನು ನಾನು ನೋಡಿದ್ದೆ. ಕೊಯ್ಲಾದ ಮೇಲೆ ಅಪ್ಪ ವರ್ಷದ ಕೂಲಿಯ ಭತ್ತ ಕೇಳಲು ಹೋದಾಗ ದೊಡ್ಡ ಮನೆಯ ಮೆಟ್ಟಿಲ ಮೇಲೆ ಹಾಗೆಯೇ ಕೂರುತ್ತಿದ್ದುದು. ಒಳಗಿನಿಂದ ಯಾರಾದರೂ ಹೊರಗೆ ಬಂದರೆ ಪಂಚೆ ಒಟ್ಟುಮಾಡಿ ಗೋಡೆಗೆ ಒತ್ತಿಕೊಳ್ಳುವುದು. "ಯಜಮಾನರು ಇಲ್ಲ, ಕೀ ಅವರ ಹತ್ರ," ಎಂದು ಅಲ್ಲಿಯೂ ಹೆಂಗಸರು ಬಾಗಿಲ ಸಂದಿಯಿಂದ ಹೇಳುತ್ತಿದ್ದರು. ಪಕ್ಕದಲ್ಲಿ ಗೋಣಿ ಹಿಡಿದು ನಿಂತಿರುತ್ತಿದ್ದವಳು ನಾನು. ಅದು ಸುಳ್ಳು ಅಂತ ನನಗೆ ಆ ಪ್ರಾಯದಲ್ಲೇ ಗೊತ್ತಿತ್ತು. ಅಪ್ಪನಿಗೂ ಗೊತ್ತಿರಬೇಕು. ಕೂತೇ ಇರುತ್ತಿದ್ದರು.

ನಾನು ಒಳಗೆ ಹೋದೆ. ಹೂ ತೆಗೆದು ಬದಿಗಿಟ್ಟು ಕೊಡತಿ ಎತ್ತಿದೆ. ದೇವರಿಗೆ ತಪ್ಪಾಯಿತು ಅಂತಲೂ ಹೇಳಲಿಲ್ಲ, ಅಷ್ಟು ಅವಸರ. ಸೆರಗಿನಲ್ಲಿ ತಿಕ್ಕಿದೆ. ಎಣ್ಣೆ ಮೈಯ ಮರ, ಕುಂಕುಮ ಹೋಗುವ ಬದಲು ಹರಡಿತು. ಎಷ್ಟು ತಿಕ್ಕಿದರೂ ಹೆಬ್ಬೆರಳಿನ ಗುಳಿಯಲ್ಲಿ ಕೆಂಪು ಕೂತೇ ಬಿಟ್ಟಿತು. ಹಾಗೆಯೇ ತಂದು ಬಾಗಿಲು ತೆಗೆದು ಎರಡೂ ಕೈಯಲ್ಲಿ ಕೊಟ್ಟೆ.

ಹಾಜಿ ಎದ್ದು ನಿಂತ. ಕೊಡತಿ ನೋಡಿದ, ಕೆಂಪು ನೋಡಿದ, ಮೂಗಿನ ಹತ್ತಿರ ಹಿಡಿದು ಮೂಸಿದ. ಆಮೇಲೆ ನನ್ನ ಹಿಂದೆ ನೋಡಿದ. ಬಾಗಿಲು ಅಗಲಕ್ಕೆ ತೆರೆದೇ ಇತ್ತು. ಹಲಗೆ, ದೀಪ, ಸಾಲು ಸಾಲು ಬಾಚಿ, ಉಳಿ. ನಡುವೆ ಖಾಲಿ ಜಾಗ. ಪೆಟ್ಟಿಗೆ ಎಲ್ಲಿಯೂ ಇಲ್ಲ.

"ಪೂಜಾ," ಅಂದೆ. ಅದೊಂದೇ ಶಬ್ದ ಬಂತು ಬಾಯಿಗೆ.

ಅವನು ಕುಂಕುಮದ ಬಗ್ಗೆ ಏನೂ ಕೇಳಲಿಲ್ಲ. ಬೆರಳನ್ನು ಕೀ ತಿರುಗಿಸುವ ಹಾಗೆ ಗಾಳಿಯಲ್ಲಿ ತಿರುಗಿಸಿ, ಹುಬ್ಬು ಏರಿಸಿ ನನ್ನ ಮುಖ ನೋಡಿದ. ಬೀಗ ಎಲ್ಲಿ?

ನಾನು ನೆಲ ನೋಡಿದೆ. ಅವನು ಮೆಟ್ಟಿಲು ಇಳಿದು ಹೋದ. ಆ ಪ್ರಾಯಕ್ಕೆ ಅಷ್ಟು ಬೇಗ ಇಳಿಯಬಾರದು, ಗೋಡೆ ಹಿಡಿದು ಹಿಡಿದು ಓಡಿದ. ಮಗನ ಕಾರು ಇರಲಿಲ್ಲ. ರಸ್ತೆಯಲ್ಲಿ ಟ್ಯಾಕ್ಸಿಗೆ ಕೈ ಅಡ್ಡ ಹಿಡಿಯುವುದು ಕಿಟಕಿಯಿಂದ ಕಂಡಿತು, ಇನ್ನೊಂದು ಕೈಯಲ್ಲಿ ಕೊಡತಿ.

ಸಂಜೆ ಇವರು ಬಂದರು. ಹಾಜಿಯ ಮಗ ಇವರನ್ನು ಹುಡುಕಿ ಸಿಗದೆ ಹಾಗೇ ಹೋಗಿದ್ದನಂತೆ. ಹಲಗೆಯ ಖಾಲಿ ಜಾಗ ನೋಡಿ, "ಎತ್ತಿದಿಯಾ?" ಅಂದರು. ಹಾಜಿ ಬಂದದ್ದು, ಮೊದಲು ಕೊಡದೇ ಇದ್ದದ್ದು, ಆಮೇಲೆ ಕೊಟ್ಟದ್ದು, ಅಷ್ಟು ಹೇಳಿದೆ. ಬೀಗದ ಮಾತು ಹೇಳಲಿಲ್ಲ. ಇವರು ತಲೆ ಮೇಲೆ ಕೈ ಇಟ್ಟು ಕೂತರು. "ಮೊದಲೇ ಕೊಡಬಾರದಿತ್ತಾ? ಪೂಜೆ ನಮ್ಮದು ಮಾರಾಯ್ತಿ, ಕೊಡತಿ ಅವನದ್ದು." ಬೆಳಿಗ್ಗೆ ಇದು ಇವರ ತಲೆಗೂ ಹೋಗಿರಲಿಲ್ಲ. ನಾನು ಅದನ್ನು ಎತ್ತಿ ಆಡಲಿಲ್ಲ.

ಶುಕ್ರವಾರ ನನಗೆ ಹೋಗಲು ಮನಸ್ಸಿರಲಿಲ್ಲ. ಇವರು ಬಿಡಲಿಲ್ಲ. ಹಡಗು ಕಟ್ಟಿದ ಜಾಗ ಖಾಲಿ ಇತ್ತು, ಮರದ ಸಿಪ್ಪೆ ಮಾತ್ರ. ಹಡಗು ದೂರದಲ್ಲಿ ನೀರಿನಲ್ಲಿ ನಿಂತಿತ್ತು. ಹಾಜಿ ಚಪ್ಪರದಲ್ಲಿ ಲುಂಗಿಯಲ್ಲಿ ಕೂತಿದ್ದ. ನಮ್ಮನ್ನು ಕೂರಿಸಿ ಕಾಫಿ ಬಗ್ಗಿಸಿದ. ನಾನು ಸುಧಾರಿಸಿಕೊಂಡೆ, ಆಯಿತು, ಮರೆತಿದ್ದಾನೆ ಅಂದುಕೊಂಡೆ. ಆಗ ಅವನು ಇವರ ಕಡೆ ತಿರುಗಿ ನಗುತ್ತ ಏನೋ ಕೇಳಿದ.

ಇವರು ನನ್ನನ್ನು ನೋಡಿದರು. "ಕೀ ಸಿಕ್ಕಿತಾ ಅಂತ ಕೇಳ್ತಿದ್ದಾನೆ. ಯಾವ ಕೀ?"

ಅಲ್ಲಿ, ಅವನ ಎದುರೇ, ನಾನು ಇವರಿಗೆ ತುಳುವಿನಲ್ಲಿ ಹೇಳಬೇಕಾಯಿತು. ಎದುರು ಮನೆಯವಳು ಹೇಳಿದ್ದು, ನಾನು ತಲೆ ಆಡಿಸಿದ್ದು, ಅವನು ಮೆಟ್ಟಿಲಲ್ಲಿ ಕೂತದ್ದು. ಇವರ ಮುಖ ಕಪ್ಪಿಟ್ಟಿತು.

"ಇದನ್ನು ನಾನು ಅವನಿಗೆ ಹೇಳ್ಬೇಕಾ ಈಗ?"

"ಹೇಳಿ."

"ನಿನ್ನ ಸುಳ್ಳನ್ನು ನಾನು ಅರಬಿ ಮಾಡಿ ಹೇಳ್ಬೇಕಾ?"

"ನನಗೆ ಅರಬಿ ಬಂದಿದ್ರೆ ನಾನೇ ಹೇಳ್ತಿದ್ದೆ. ಹೇಳಿ."

ಇವರು ಹೇಳಿದರು. ತಡವರಿಸಿ ತಡವರಿಸಿ, ನಡುವೆ ಕೆಮ್ಮಿ, ನವಮಿ ಎಂದರೇನು, ಯಾಕೆ ಎತ್ತಬಾರದು, ಕುಂಕುಮ ಯಾಕೆ, ಎಲ್ಲ ಸೇರಿಸಿ. ಹಾಜಿ ಪೂರ್ತಿ ಕೇಳಿದ. ಕುಂಕುಮದ ಮಾತಿಗೆ ಕೈ ಬೀಸಿ ಬಿಟ್ಟ. ತಾನು ಪ್ರಾಯದಲ್ಲಿ ಬೊಂಬಾಯಿ ಬಂದರಿಗೆ ಹೋಗಿ ಬಂದವನು, ಅಲ್ಲಿ ಬಡಗಿಗಳು ಹೂ ಇಡುವುದು ಕಂಡಿದ್ದೇನೆ ಅಂದನಂತೆ. ಒರೆಸಿದೆ, ಹೋಯಿತು ಎಂದ. ಆಮೇಲೆ ನನ್ನ ಕಡೆ ನೋಡಿ ಮೆಲ್ಲಗೆ ಒಂದು ಮಾತು ಹೇಳಿದ. ಇವರು ಅದನ್ನು ತಕ್ಷಣ ಹೇಳಲಿಲ್ಲ. ನಾನು ಬಿಡಲಿಲ್ಲ.

"ನೀನು ನಿಜ ಹೇಳಿದ್ದರೆ ಕೊಡತಿ ಇಲ್ಲದೆಯೇ ಹೋಗ್ತಿದ್ದೆ, ಬೆಣೆ ಬಿಡಿಸುವಾಗ ಅಲ್ಲಿ ಇರ್ತಿದ್ದೆ ಅಂತಾನೆ. ಅವನು ಅಲ್ಲಿ ಮುಟ್ಟುವಾಗ ನೀರು ತಿರುಗಿತ್ತಂತೆ. ಕೆಲಸದವರು ಕಾದು ಕಾದು ಕಬ್ಬಿಣದ ಸುತ್ತಿಗೆಯಲ್ಲೇ ಬೆಣೆ ಹೊಡೆದು ಹಡಗು ಇಳಿಸಿ ಆಗಿತ್ತಂತೆ. ಇವನು ಕೈಯಲ್ಲಿ ಕೊಡತಿ ಹಿಡ್ಕೊಂಡು ಮೊಣಕಾಲು ನೀರಿನಲ್ಲಿ ನಿಂತದ್ದಂತೆ."

ತಪ್ಪಾಯಿತು ಎನ್ನುವ ಅರಬಿ ಶಬ್ದ ಇವರನ್ನು ಕೇಳಿ ಹೇಳಿದೆ. ಅವನು "ಮಾಲೇಶ್" ಅಂದ, ಪರವಾಗಿಲ್ಲ ಅಂತ. ನನ್ನ ಲೋಟಕ್ಕೆ ಇನ್ನೂ ಸ್ವಲ್ಪ ಕಾಫಿ ಬಗ್ಗಿಸಿದ.

ಆಮೇಲೆಯೂ ನಾವು ಹೋಗುತ್ತಿದ್ದೆವು, ಅವನ ಕೈ ನಡುಗಲು ಶುರುವಾಗಿ ಕೆಲಸ ಬಿಡುವವರೆಗೂ. ಹಳೆ ಸಾಮಾನು ಸಿಕ್ಕಿದರೆ ನನಗೆಂದು ಎತ್ತಿಡುತ್ತಿದ್ದ. ಬೆಸುಗೆ ಎಲ್ಲಿ, ಹದ ಎಷ್ಟು ಎಂದು ನನ್ನನ್ನೇ ಕೇಳುವನು, ಸರಿ ಹೇಳಿದರೆ ತೊಡೆ ತಟ್ಟಿ ನಗುವನು. ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಆದರೆ ಅವನ ಅಪ್ಪನ ಸಾಮಾನು ತೋರಿಸುವಾಗ ನಾನು ಒಂದು ತುದಿ ಹಿಡಿದರೆ ಇನ್ನೊಂದು ತುದಿ ಅವನ ಕೈಯಲ್ಲೇ ಇರುತ್ತಿತ್ತು. ಬೇಕೆಂದು ಮಾಡುತ್ತಿದ್ದನೋ ಕೈ ತಾನೇ ಹಾಗೆ ಮಾಡುತ್ತಿತ್ತೋ ಗೊತ್ತಿಲ್ಲ. ನಾನು ಬಗ್ಗಿ, ಅವನು ಹಿಡಿದಲ್ಲೇ ನೋಡಿ, ಕೈ ಬಿಡುತ್ತಿದ್ದೆ. ಕೊಡತಿ ಯಾವ ಮರದ್ದು ಎಂದು ಮತ್ತೆ ನಾನೂ ಕೇಳಲಿಲ್ಲ, ಇವರೂ ಕೇಳಲಿಲ್ಲ.